ನೀರು ಅವರದು, ರೋಗ ನಮ್ಮದು

ಪಾಲು ಮಾಡುವುದೆಂದರೆ ನನಗೆ ನೀರು ಕುಡಿದಷ್ಟು ಸಲೀಸು. ನಮ್ಮ ಕಡೆ ಅದಕ್ಕೆ ವಾಟ್ನಿ ಅನ್ನುತ್ತಾರೆ. ನನ್ನ ತಮ್ಮಂದಿರಿಬ್ಬರ ನಡುವೆ ಹೊಲ, ಮನೆ, ಎಮ್ಮೆ, ತಾಮ್ರದ ಹಂಡೆ ಎಲ್ಲವನ್ನೂ ವಾಟ್ನಿ ಮಾಡಿಕೊಟ್ಟವನು ನಾನೇ. ಒಂದು ಮಾತಿನ ಜಗಳವಿಲ್ಲದೆ ಮುಗಿಸಿದೆ. ಅಂದಿನಿಂದ ಇಂದಿನವರೆಗೆ ಅವರು ಒಬ್ಬರಿಗೊಬ್ಬರು ಒಂದು ಕೆಟ್ಟ ಮಾತು ಆಡಿಲ್ಲ. ಮಾತೇ ಆಡಿಲ್ಲ! ಇಂಥ ಅನುಭವಸ್ಥನನ್ನು ಸರ್ಕಾರ ಎಷ್ಟು ದಿನ ಸುಮ್ಮನೆ ಕೂರಲು ಬಿಟ್ಟೀತು?

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬೆಳಗಾವಿಯ ಒಂದು ಆರೋಗ್ಯ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಯಾವ ಕಚೇರಿ ಎಂದು ಕೇಳಬೇಡಿ, ನನ್ನಿಂದ ಅದಕ್ಕೆ ಆದ ಅವಮಾನ ಈಗಾಗಲೇ ಸಾಕಷ್ಟಿದೆ. ಅಲ್ಲಿಯ ತನಕ ಊರಿನ ರೋಗ, ಬಾವಿ, ಗಟಾರ, ಹೊಗೆ, ಸೊಳ್ಳೆ ಎಲ್ಲವೂ ನಮ್ಮ ಒಂದೇ ಸೂರಿನ ಕೆಳಗೆ ಬೆಚ್ಚಗೆ ಬದುಕಿಕೊಂಡಿದ್ದವು. ಅಷ್ಟರಲ್ಲಿ ಮೇಲಿನಿಂದ ಆದೇಶ ಬಂತು. ಸಾರ್ವಜನಿಕ ಆರೋಗ್ಯ ಬೇರೆ, ಪರಿಸರ ರಕ್ಷಣೆ ಬೇರೆ. ಪರಿಸರಕ್ಕೆ ಹೊಸದೊಂದು ಕಚೇರಿ ತೆರೆದು, ಕೆಲಸ, ಸಾಮಾನು, ಸಿಬ್ಬಂದಿ ಎಲ್ಲವನ್ನೂ ಎರಡು ಪಾಲು ಮಾಡತಕ್ಕದ್ದು.

ನಮ್ಮ ಸಾಹೇಬರು ಮೈಸೂರು ಕಡೆಯವರು. ನನ್ನನ್ನು ಒಳಗೆ ಕರೆದರು.

"ಜಿನ್ನಪ್ಪನವರೇ, ಮನೆ ಪಾಲು ಮಾಡೋದರಲ್ಲಿ ನೀವು ನಿಸ್ಸೀಮರಂತೆ. ಇದನ್ನೂ ಮುಗಿಸಿಕೊಡಿ. ನನಗೆ ಮಾತ್ರ ತಲೆನೋವು ಬರಬಾರದು."

"ತಲಿನೋವು ಹೆಂಗೂ ಆರೋಗ್ಯದ ಪಾಲಿಗೇ ಬರ್ತದ್ರೀ ಸರ್," ಅಂದೆ. ಸಾಹೇಬರು ನಕ್ಕರು. ನಾನೂ ನಕ್ಕೆ. ಆ ಇಡೀ ಪ್ರಕರಣದಲ್ಲಿ ನಾವು ನಕ್ಕದ್ದು ಅದೊಂದೇ ಸಲ.

ಸೂತ್ರವೊಂದು ಬೇಕಿತ್ತು. ವಾಟ್ನಿಗೆ ಕೂತವನ ಕೈಯಲ್ಲಿ ಸೂತ್ರವಿಲ್ಲದಿದ್ದರೆ ಹಂಡೆಗಾಗಿ ತಲೆ ಒಡೆದುಕೊಳ್ಳುತ್ತಾರೆ. ಒಂದು ಮಧ್ಯಾಹ್ನ ರೊಟ್ಟಿ ಮುರಿದು ಬಾಯಿಗಿಡುವಾಗ ಅದು ಹೊಳೆಯಿತು. ರೊಟ್ಟಿ ಕೈಯಲ್ಲಿರುವಾಗ ಹೊರಗಿನದು, ಗಂಟಲಿಳಿದ ಮೇಲೆ ಒಳಗಿನದು! ಅಂದರೆ, ಮನುಷ್ಯನ ಚರ್ಮದ ಒಳಗಿರುವುದೆಲ್ಲ ಆರೋಗ್ಯ. ಚರ್ಮದ ಹೊರಗಿರುವುದೆಲ್ಲ ಪರಿಸರ. ಇಷ್ಟು ಸರಳ ಸಂಗತಿ ವಿಧಾನಸೌಧದಲ್ಲಿ ಕೂತ ಪಂಡಿತರಿಗೆ ಹೊಳೆಯದೆ, ಬೆಳಗಾವಿಯ ವಡಗಾವಿ ಭಾಗದ ಜಿನ್ನಪ್ಪನಿಗೆ ಹೊಳೆದದ್ದಕ್ಕೆ ನನಗೆ ಅವರ ಮೇಲೆ ಕನಿಕರವೇ ಹುಟ್ಟಿತು.

ಕೂಡಲೇ ಅನ್ವಯಿಸಲು ಕೂತೆ. ಜೀಪಿಗೆ ಹೊಟ್ಟೆಯಿಲ್ಲ, ಆದ್ದರಿಂದ ಪರಿಸರಕ್ಕೆ. ಡ್ರೈವರನಿಗೆ ಹೊಟ್ಟೆಯಿದೆ, ಆದ್ದರಿಂದ ಆರೋಗ್ಯಕ್ಕೆ. ನೀರಿನ ಹನಿ ಪರೀಕ್ಷಿಸುವ ಸೂಕ್ಷ್ಮದರ್ಶಕ ಅವರಿಗೆ. ಅದರಲ್ಲಿ ಕಣ್ಣಿಟ್ಟು ನೋಡಲು ಬರುತ್ತಿದ್ದ ಒಬ್ಬನೇ ಮನುಷ್ಯ ನಮಗೆ. ಬ್ಲೀಚಿಂಗ್ ಪೌಡರನ್ನು ಬಾವಿಗೆ ಹಾಕುವುದೇ ಹೊರತು ಹೊಟ್ಟೆಗಲ್ಲ, ಅದಕ್ಕೇ ಡಬ್ಬಗಳೆಲ್ಲ ಅವರಿಗೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಓಣಿ ಓಣಿ ತಿರುಗಿ, ಆ ಪೌಡರ್ ಕಲಸಿ ಬಾವಿಗಳಿಗೆ ಸುರಿಯುತ್ತಿದ್ದ ಆಳುಗಳು ನಮಗೆ. ಸಾಹೇಬರು ಓದಿ, "ಎಂಥಾ ಸ್ಪಷ್ಟತೆ!" ಎಂದು ಉದ್ಗರಿಸಿ ಸಹಿ ಹಾಕಿದರು.

ಉಳಿದದ್ದು ಹೊಸ ಕಚೇರಿಗೆ ಜಾಗ. ಬೆಳಗಾವಿಯಲ್ಲಿ ಖಾಲಿ ಕಟ್ಟಡ ಸಿಗಲಿಲ್ಲ. ಖಾನಾಪುರದಲ್ಲಿ ಹಾಳು ಬಿದ್ದ ಹಂಚಿನ ಬಂಗಲೆಯೊಂದಿದೆ ಎಂದು ನಾನೇ ಸೂಚಿಸಿದೆ. "ಹೊಳಿ ಐತಿ, ಅಡವಿ ಐತಿ, ಮಳಿ ಐತಿ. ಪರಿಸರ ಬೇಕಾದಷ್ಟು ಐತ್ರೀ ಸರ್!" ಖರೇ ಕಾರಣ ಬೇರೆ ಇತ್ತು. ಹೊಸ ಕಚೇರಿಗೆ ಹೋಗಬೇಕಿದ್ದ ಕುಲಕರ್ಣಿಯವರ ಕುರ್ಚಿ ಸರಿಯಾಗಿ ಫ್ಯಾನಿನ ಕೆಳಗಿತ್ತು. ಅವರು ಊರಲ್ಲೇ ಉಳಿದರೆ ದಿನಕ್ಕೊಮ್ಮೆ ಬಂದು ಅದರ ಮೇಲೆ ಕೂರುತ್ತಾರೆ. ಖಾನಾಪುರಕ್ಕೆ ಹೋದರೆ ಕುರ್ಚಿಯೂ ಗಾಳಿಯೂ ನನಗೇ. ಕುಲಕರ್ಣಿಯವರು ಪೌಡರ್ ಡಬ್ಬಗಳ ಜೊತೆ ಲಾರಿ ಹತ್ತಿ ಹೋದರು. ನಾನು ಫ್ಯಾನಿನ ಕೆಳಗೆ ಕೂತೆ.

ಇಷ್ಟು ದೊಡ್ಡ ಕೆಲಸ ಮಾಡಿದ ಮೇಲೆ ಮನೆಯಲ್ಲಿ ಹೇಳದಿದ್ದರೆ ಹೇಗೆ? ಆಗ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಮಗಳು ಪದ್ಮಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಳನ್ನು ಕೊಟ್ಟದ್ದು ಇದೇ ಊರಿನ ಹಿಂದವಾಡಿಗೆ. ನಮ್ಮ ಬೀಗತಿ, "ಇಲ್ಲೇ ಇರಲಿ ಬಿಡ್ರಿ, ನಮ್ಮದೂ ಮನಿನ ಅಲ್ಲೇನು?" ಅಂದಿದ್ದರು. ನಾನು ಬಿಡುವ ಆಸಾಮಿಯೇ? "ಚೊಚ್ಚಲು ತವರಿನ ಹಕ್ಕು ರೀ. ಮ್ಯಾಲ ನಮ್ಮ ವಡಗಾವಿ ಬಾವಿ ನೀರು! ಅಂಥಾ ಸಿಹಿ ನೀರು ನಿಮ್ಮ ಹಿಂದವಾಡ್ಯಾಗ ಎಲ್ಲಿ ಸಿಗಬೇಕು?" ಎಂದು ಎಲ್ಲರೆದುರು ಜಂಬ ಕೊಚ್ಚಿ ಕರೆದುಕೊಂಡು ಬಂದಿದ್ದೆ.

ಆ ಬಾವಿ ನಮ್ಮದೂ ಹೌದು, ಪಕ್ಕದ ಮನೆಯ ನೇಕಾರ ಮಹಾದೇವಪ್ಪನದೂ ಹೌದು. ಎರಡು ಮನೆಗಳ ನಡುವಿನ ಗೋಡೆ ಬಾವಿಯ ಹತ್ತಿರ ಬಂದು ನಿಂತುಬಿಟ್ಟಿತ್ತು. ಅವರ ಕಡೆ ನೀರು ಸೇದಲು ಒಂದು ಗಡಗಡಿ, ನಮ್ಮ ಕಡೆ ಒಂದು ಗಡಗಡಿ. ಬೆಳಿಗ್ಗೆ ಆ ಕಡೆ ಮಗ್ಗದ ಸದ್ದು, ಈ ಕಡೆ ನನ್ನ ಅವ್ವನ ಮಂತ್ರ, ನಡುವೆ ಎರಡು ಕೊಡಗಳು ಒಂದಕ್ಕೊಂದು ತಾಗುವ ಸದ್ದು. ನಾವು ಜೈನರು, ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿಯೇ ಕುಡಿಯುವವರು. ಅವ್ವ ಇನ್ನೂ ಒಂದು ಹೆಜ್ಜೆ ಮುಂದೆ. ಅವಳದು ವ್ರತ. ಸೋಸಿ, ಕಾಯಿಸಿ, ತನ್ನದೇ ಚರಿಗೆಯಲ್ಲಿ ಮುಚ್ಚಿಟ್ಟ ನೀರನ್ನು ಬಿಟ್ಟು ಬೇರೆ ಹನಿ ಮುಟ್ಟುತ್ತಿರಲಿಲ್ಲ. ಸೀಮೆಎಣ್ಣೆಗೆ ಪಾಳಿ ಹಚ್ಚಿ ನಿಲ್ಲುವ ಆ ಕಾಲದಲ್ಲಿ ನಾನು ಗೊಣಗುತ್ತಿದ್ದೆ. "ಅವ್ವಾ, ಸೋಸಿದ ಮ್ಯಾಲ ಮತ್ತ ಕಾಯಿಸೂದು ಎದಕ? ನೀರಿಗೇನು ಥಂಡಿ ಹತ್ತೇದೇನು?"

ಅಂದು ಪಾಲಿನ ವರದಿಯನ್ನು ಎಲ್ಲರೆದುರು ಸವಿಸ್ತಾರವಾಗಿ ಒಪ್ಪಿಸಿದೆ. ಹೆಂಡತಿ ಸುಲೋಚನಾ ಶೇಂಗಾ ಬಿಡಿಸುತ್ತ, "ಹೂಂ, ಹೂಂ" ಅಂದಳು. ಪದ್ಮಾ ಜೀಪು ಮತ್ತು ಡ್ರೈವರನ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವ್ವ ಮಾತ್ರ ನಗಲಿಲ್ಲ.

"ಎಲ್ಲಾ ಹಂಚಿದಿ. ಬಾವಿ ಯಾರಿಗೆ ಬಂತೋ?"

"ಬಾವ್ಯಾಗಿನ ನೀರು ಅವರದು, ಅವ್ವಾ. ಕುಡದು ಯಾರಿಗರೆ ಜಡ್ಡು ಬಂದ್ರ ನಮ್ಮದು."

"ಬಾವಿ ಪಾಲು ಮಾಡ್ತಾರೇನೋ ಹುಚ್ಚಪ್ಪಾ? ನಿನ್ನ ತಮ್ಮಂದಿರ ವಾಟ್ನ್ಯಾಗ ನೀನ ಬರಿಸಿದ್ದಿಲ್ಲೇನು, ಬಾವಿ ಇಬ್ಬರದೂ ಅಂತ? ಹೊಲ ಕಡದಿ, ಮನಿ ಕಡದಿ, ಬಾವಿ ಕಡೀಲಿಲ್ಲ. ಬಾವಿ ಕಡದ್ರ ಯಾರ ಪಾಲಿಗೂ ನೀರು ಬರಂಗಿಲ್ಲ."

ಖರೇ. ನಮ್ಮ ಕಡೆ ಹೆಬ್ಬೆಟ್ಟು ಒತ್ತುವವನಿಗೂ ಗೊತ್ತು, ವಾಟ್ನಿಯಲ್ಲಿ ಬಾವಿ ಕೂಡಿಯೇ ಉಳಿಯುತ್ತದೆ. ಮಾತು ಬಿಟ್ಟ ನನ್ನ ತಮ್ಮಂದಿರೂ ಈ ದಿನಕ್ಕೂ ಒಂದೇ ಬಾವಿಯಲ್ಲಿ ಸೇದುತ್ತಾರೆ, ಮುಖ ತಿರುಗಿಸಿಕೊಂಡು. ಆದರೆ ನಾನು ಸರ್ಕಾರದವನು, ಆಧುನಿಕ ಮನುಷ್ಯ! "ಅವ್ವಾ, ಅದು ಮನಿ ಮಾತು. ಇದು ಆಡಳಿತ," ಅಂದೆ. ಅವ್ವ ತನ್ನ ಚರಿಗೆ ಎತ್ತಿಕೊಂಡು ಒಳಗೆ ಹೋದಳು.

ಮಳೆಗಾಲ ಬಂತು. ಪೌಡರ್ ಬರಲಿಲ್ಲ.

ಬರುವುದಾದರೂ ಹೇಗೆ? ಪೌಡರ್ ಖಾನಾಪುರದಲ್ಲಿ, ಅದನ್ನು ಹಾಕುವ ಆಳುಗಳು ನಮ್ಮ ಕಚೇರಿಯ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾರೆ. ನಾನು ಫ್ಯಾನಿನ ಕೆಳಗಿನಿಂದ ಅವರನ್ನು ದಿನಾ ನೋಡುತ್ತಿದ್ದೆ. ಎಂಥಾ ಶಿಸ್ತು, ತಮ್ಮದಲ್ಲದ ಕೆಲಸಕ್ಕೆ ಒಬ್ಬನೂ ಕೈ ಹಾಕುತ್ತಿಲ್ಲ ಎಂದು ಹೆಮ್ಮೆಪಟ್ಟೆ.

ಮಹಾದೇವಪ್ಪ ಗೋಡೆಯಾಚೆಯಿಂದ ತಲೆ ಹಾಕಿದ. "ಜಿನ್ನಪ್ಪಣ್ಣಾರ, ಗಟಾರ ಒಡದು ಓಣಿ ತುಂಬ ಹರ್ಯಾಕ ಹತ್ತೇತಿ. ಬಾವಿ ನೀರು ಒಂದ ನಮೂನಿ ವಾಸನಿ ಹೊಡೀತೈತಿ. ಈ ಸಲ ನಿಮ್ಮವರು ಪೌಡರ್ ಹಾಕಾಕ ಬರಲೇ ಇಲ್ಲಲ್ರೀ?"

"ಈಗ ಅದು ನಮ್ಮದಲ್ಲೋ ಮಹಾದೇವಪ್ಪಾ. ಹೊಸಾ ಆಫೀಸಿನವರು ಬರ್ತಾರ."

"ಯಾವಾಗ ಬರ್ತಾರ್ರೀ?"

"ಬರ್ತಾರ ಅಂದೆನಲ್ಲ! ಸರಕಾರ ಅಂದ್ರ ಏನು ಹುಡುಗಾಟಿಕಿ ಅನ್ಕೊಂಡಿಯೇನು?"

"ಹಂಗಾರ ಖಡೇಬಜಾರದಾಗ ಅಂಗಡ್ಯಾಗ ಸಿಗತೈತಂತ. ನಾನ ಒಂದು ಡಬ್ಬಿ ತಂದು ಹಾಕಲೇನ್ರೀ?"

ನನಗೆ ಸಿಟ್ಟು ಬಂತು. ಆರೋಗ್ಯ ಕಚೇರಿಯ ಸೂಪರಿಂಟೆಂಡೆಂಟನ ಮನೆಯ ಬಾವಿಗೆ ಅಂಗಡಿಯ ಪೌಡರ್! ಓಣಿಯವರು ನೋಡಿದರೆ ನನ್ನ ಮರ್ಯಾದೆ ಏನಾಗಬೇಕು? "ಅಳತಿ ಗೊತ್ತಿಲ್ಲದ ಹಾಕಬಾರದೋ ಮಾರಾಯಾ. ಶಾಸ್ತ್ರ ಐತಿ ಅದಕ್ಕ. ತಡಿ, ನಾ ನೋಡ್ತೀನಿ," ಅಂದೆ. ಪಾಪ, ಅವನು ನನ್ನ ಮಾತಿಗೆ ಬೆಲೆ ಕೊಟ್ಟು ತಡೆದ.

ಸುಲೋಚನಾ ಕೂಡ ಕೇಳಿದಳು. "ಪದ್ಮಾಗರೆ ಕಾಯಿಸಿ ಕೊಡೂಣೇನ್ರೀ? ಏಳು ತುಂಬಿದ ಬಸುರಿ."

"ಸೋಸಿ ಕುಡೀತೀವಲ್ಲ! ತಲಿತಲಾಂತರದಿಂದ ಕುಡದು ಯಾರು ಸತ್ತಾರ?" ಅಂದುಬಿಟ್ಟೆ. ಎರಡು ಪದರದ ಬಟ್ಟೆ ಗಟಾರದ ನೀರನ್ನು ಸೋಸುವುದಿಲ್ಲ ಎಂದು ಆರೋಗ್ಯ ಕಚೇರಿಯ ಜವಾನನಿಗೂ ತಿಳಿದಿತ್ತು. ಅದನ್ನು ನಾನು ತಿಳಿಯದವನೇನಲ್ಲ. ಆದರೆ ಬಾವಿಯೊಳಗೆ ಗಟಾರ ಬಂದಿದೆ ಎಂದು ಒಪ್ಪಿಕೊಂಡರೆ, ನನ್ನ ಪಾಲು ಕೆಟ್ಟಿದೆ ಎಂದೂ ಒಪ್ಪಿಕೊಳ್ಳಬೇಕಿತ್ತಲ್ಲ.

ಕೆಲವು ವಾರಗಳಾದ ಮೇಲೆ ಮಹಾದೇವಪ್ಪನ ಹೆಂಡತಿ ನೀಲವ್ವನ ಕಣ್ಣು ಹಳದಿಯಾದವು. ಕಾಮಾಲೆ. ಓಣಿಯವರು ಅದಕ್ಕೆ ಕಾಮಣಿ ಅನ್ನುತ್ತಿದ್ದರು. ಹಿಂದೆಯೇ ಓಣಿಯ ತುದಿಯಲ್ಲಿ ಇನ್ನೊಬ್ಬರಿಗೆ, ಮತ್ತೊಬ್ಬರಿಗೆ. ಈಗ ನನಗೂ ಹೆದರಿಕೆಯಾಯಿತು. ನೇರ ಸಾಹೇಬರ ಬಳಿ ಹೋದೆ.

"ಸರ್, ನಮ್ಮ ಓಣಿ ಬಾವಿಗೆ ತುರ್ತಾಗಿ ಪೌಡರ್ ಬೇಕ್ರೀ."

"ಬಾವಿ? ಅದು ಚರ್ಮದ ಹೊರಗಲ್ಲವೇ ಜಿನ್ನಪ್ಪನವರೇ?" ಎಂದು ಅವರು ನನ್ನ ವರದಿಯನ್ನು ನನಗೇ ತೋರಿಸಿದರು. "ರೋಗಿಗಳಿದ್ದರೆ ಹೇಳಿ. ಗುಳಿಗೆ ಕೊಡೋಣ."

"ರೋಗಾಣು ಅದರಾಗ ಐತ್ರೀ ಸರ್!"

"ರೋಗಾಣು ನೀರಲ್ಲಿರೋವಾಗ ಅವರದು. ಹೊಟ್ಟೆಗೆ ಹೋದ ಮೇಲೆ ನಮ್ಮದು. ನೀವೇ ಬರೆದದ್ದು. ಎಂಥಾ ಸ್ಪಷ್ಟತೆ!"

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಅನ್ನುತ್ತಾರಲ್ಲ, ನಾನಂತೂ ಹಳ್ಳ ತೋಡಿ, ಕಟ್ಟೆ ಕಟ್ಟಿ, ಸಾಹೇಬರ ಸಹಿ ಬೇರೆ ಮಾಡಿಸಿದ್ದೆ.

ಅಂಗಡಿಯ ಪೌಡರ್ ತರಲು ಇನ್ನೂ ಮರ್ಯಾದೆ ಅಡ್ಡ ಬಂತು, ಮರುದಿನ ರಜೆ ಹಾಕಿ ಖಾನಾಪುರಕ್ಕೆ ಹೊರಟೆ. ಹೊರಡುವಾಗ ಸುಲೋಚನಾ ಬಾಗಿಲಿಗೆ ಬಂದು, "ಪದ್ಮಾ ಮುಂಜಾನಿಂದ ವಾಂತಿ ಮಾಡ್ಕೋಳಾಕತ್ತಾಳ್ರೀ, ಊಟಾನೂ ಸೇರವಲ್ದು," ಅಂದಳು.

"ಬಸುರಿ ವಾಂತಿ ಮಾಡ್ಕೋಳ್ದ ನಾ ಮಾಡ್ಕೋಬೇಕೇನು?" ಎಂದು ಕೊಡೆ ಬಿಚ್ಚಿದೆ.

ಖಾನಾಪುರದಲ್ಲಿ ಮಳೆ ಎಂದರೆ ಆಕಾಶವೇ ಸೋರುತ್ತಿತ್ತು. ಪರಿಸರ ಕಚೇರಿಯೂ ಸೋರುತ್ತಿತ್ತು. ಬಾಗಿಲಲ್ಲಿ ಕಂಬಳಿ ಹೊದ್ದು ಕೂತಿದ್ದ ಜವಾನ ನನ್ನನ್ನು ನೋಡಿ, "ಸಾಹೇಬ ಜೇವಾಯಲಾ ಗೇಲೇತ," ಅಂದ. ಊಟಕ್ಕೆ ಹೋಗಿದ್ದಾರಂತೆ. ಒಳಗೆ ಇಣುಕಿದೆ. ನಮ್ಮ ಜೀಪು ಹಿತ್ತಲಲ್ಲಿ ನಿಂತಿತ್ತು, ಅದರ ಸೀಟಿನ ಮೇಲೆ ಯಾರದೋ ಕೋಳಿ ಕಾವಿಗೆ ಕೂತಿತ್ತು. ಪೌಡರ್ ಡಬ್ಬಗಳನ್ನು ಸಾಲಾಗಿ ಜೋಡಿಸಿ ಅವುಗಳ ಮೇಲೆ ಹಲಗೆ ಹಾಕಿ ಜವಾನನಿಗೆ ಮಂಚ ಮಾಡಿದ್ದರು. ಸೂಕ್ಷ್ಮದರ್ಶಕಕ್ಕೆ ಮಳೆ ತಾಗಬಾರದೆಂದು ಒಂದು ಕೊಡೆ ಹಿಡಿಸಿ ಕಟ್ಟಿದ್ದರು. ಇಡೀ ಕಚೇರಿಯಲ್ಲಿ ನೆನೆಯದೆ ಇದ್ದದ್ದು ಅದೊಂದೇ.

ಕುಲಕರ್ಣಿ ಬಂದರು. ನಾನು ಕಳಿಸಿದ ಜಾಗದಲ್ಲಿ ಅವರಿಗೆ ಕೆಮ್ಮು ಹತ್ತಿತ್ತು.

"ಬರ್ರಿ ಬರ್ರಿ, ಜಿನ್ನಪ್ಪನವರ. ಕುಂದರ್ರಿ. ಫ್ಯಾನ್ ಇಲ್ಲ, ಏನೂ ಅನ್ಕೋಬ್ಯಾಡ್ರಿ."

ಬಂದ ಕಾರಣ ಹೇಳಿದೆ. ಅವರು ನಿಧಾನವಾಗಿ ಕೆಮ್ಮಿ ಮುಗಿಸಿದರು.

"ಪೌಡರ್ ಕೊಡಾಕ ನಂದೇನೂ ತಕರಾರಿಲ್ಲ. ಆದ್ರ ನೀರು ಕೆಟ್ಟೈತಿ ಅಂತ ಮೊದಲ ಪರೀಕ್ಷಾ ಆಗಬೇಕಲ್ರೀ. ಸೂಕ್ಷ್ಮದರ್ಶಕ ನಮ್ಮ ಕಡೆ ಐತಿ. ನೋಡೂ ಮನಷ್ಯಾ ನಿಮ್ಮ ಕಡೆ ಅದಾನ. ಅಂವನ್ನ ಕರಸಬೇಕಂದ್ರ ಜೀಪು ಬೇಕು. ಜೀಪು ನಮ್ಮ ಕಡೆ ಐತಿ. ಡ್ರೈವರ್ ನಿಮ್ಮ ಕಡೆ ಅದಾನ."

"ಕುಲಕರ್ಣಿಯವರ, ಮನ್ಯಾಗ ಬಸುರಿ ಮಗಳದಾಳ್ರೀ," ಅಂದೆ.

ಅವರು ಒಳ್ಳೆಯ ಮನುಷ್ಯ. ಕುರ್ಚಿಯ ಹಗೆ ಮರೆತರು. ಜವಾನನ ಮಂಚದ ಕೆಳಗಿನಿಂದ ಒಂದು ಡಬ್ಬ ಎಳೆದು, "ತಗೊಂಡು ಹೋಗ್ರಿ. ನಿಮ್ಮ ಆದೇಶಾ ನಿಮ್ಮ ಸಲುವಾಗಿ ಮುರದೇನಿ, ಯಾರಿಗೂ ಹೇಳಬ್ಯಾಡ್ರಿ," ಅಂದರು.

ಡಬ್ಬವನ್ನು ಮಗುವಿನಂತೆ ಎದೆಗವಚಿಕೊಂಡು ಬೆಳಗಾವಿ ಬಸ್ಸು ಹತ್ತಿದೆ. ಅದರ ಮುಚ್ಚಳ ಸಡಿಲವಿತ್ತು. ಬಸ್ಸು ಹಳ್ಳಕ್ಕೆ ಬಿದ್ದಾಗಲೆಲ್ಲ ಡಬ್ಬ ಒಂದು ಸಲ ಉಸಿರು ಬಿಡುತ್ತಿತ್ತು. ಮೊದಲು ಪಕ್ಕದವರು ಮೂಗು ಮುಚ್ಚಿಕೊಂಡರು. ಆಮೇಲೆ ಹಿಂದಿನವರು. ಆಮೇಲೆ ಮುಂದಿನ ಸೀಟಿನ ಅಜ್ಜಿ, "ಅಗೋ ಬಾಈ! ಮಾಝೀ ಸಾಡಿ!" ಎಂದು ಚೀರಿದಳು. ನೋಡಿದರೆ, ಒದ್ದೆ ಸೀರೆಯ ಮೇಲೆ ಪೌಡರ್ ಬಿದ್ದು, ಹಸಿರು ಸೀರೆಯಲ್ಲಿ ಬಿಳಿ ಬಿಳಿ ಹೂವು ಅರಳುತ್ತಿತ್ತು!

ಕಂಡಕ್ಟರ್ ಓಡಿಬಂದ. "ಏನ್ ತಂದೀರಿ ಯಜಮಾನ್ರ? ಮಂದೀನ್ನ ಕೊಲ್ಲಾಕ ಬಂದೀರೇನು?"

"ಉಳಸಾಕ ಒಯ್ಯಾಕತ್ತೇನಪಾ. ಇದು ಆರೋಗ್ಯದ ಸಾಮಾನು."

"ಆರೋಗ್ಯ ಮ್ಯಾಲ ಇಡ್ರಿ!" ಎಂದು ಡಬ್ಬವನ್ನು ಕಸಿದುಕೊಂಡು ಬಸ್ಸಿನ ಟಾಪಿನ ಮೇಲೆ ಹಾಕಿಸಿದ.

ಮಳೆ ಜೋರಾಯಿತು. ಸ್ವಲ್ಪ ಹೊತ್ತಿಗೆ ಕಿಟಕಿಯ ಗಾಜಿನ ಮೇಲೆ ಹಾಲಿನಂಥ ನೀರು ಇಳಿಯತೊಡಗಿತು. ಎಲ್ಲರೂ ಅದೇನೆಂದು ಅಚ್ಚರಿಪಟ್ಟರು. ನನಗೆ ಗೊತ್ತಿತ್ತು. ಬಸ್ಸು ನಿಲ್ಲಿಸಿ ಎಂದು ಕೂಗಿದೆ. ಆ ಸೀರೆಯ ಅಜ್ಜಿಯ ಬೈಗುಳದಲ್ಲಿ ನನ್ನ ಕೂಗು ಮುಳುಗಿಹೋಯಿತು. ಬೆಳಗಾವಿಯಲ್ಲಿ ಇಳಿದಾಗ ಕಂಡಕ್ಟರ್ ಕೈಗೆ ಕೊಟ್ಟದ್ದು ಚೆನ್ನಾಗಿ ತೊಳೆದಿಟ್ಟ ಖಾಲಿ ಡಬ್ಬ. ಖಾನಾಪುರದಿಂದ ಬೆಳಗಾವಿಯ ತನಕ ರಸ್ತೆಯೆಲ್ಲ ಶುದ್ಧವಾಗಿತ್ತು. ನಮ್ಮ ಬಾವಿ ಮಾತ್ರ ಹಾಗೇ ಇತ್ತು.

ಖಾಲಿ ಡಬ್ಬ ಹಿಡಿದು ಓಣಿಗೆ ಬಂದರೆ ಮನೆ ಮುಂದೆ ಜನ. ಟಾಂಗಾ ನಿಂತಿತ್ತು. ಮಹಾದೇವಪ್ಪ ಪದ್ಮಾಳ ತೋಳು ಹಿಡಿದು ಹತ್ತಿಸುತ್ತಿದ್ದ. ಅವಳು ನನ್ನ ಕಡೆ ತಿರುಗಿದಳು. ಕಣ್ಣುಗಳು ಅರಿಶಿನ ಹಚ್ಚಿದಂತೆ ಹಳದಿಯಾಗಿದ್ದವು.

"ಅಪ್ಪಾ, ಪೌಡರ್ ಸಿಕ್ತೇನು?" ಅಂದಳು.

ನಾನು ಡಬ್ಬವನ್ನು ಬೆನ್ನ ಹಿಂದೆ ಹಿಡಿದೆ.

ದವಾಖಾನೆಯ ಡಾಕ್ಟರು ನನ್ನ ಪರಿಚಯದವರೇ. ಪಕ್ಕಕ್ಕೆ ಕರೆದು ಹೇಳಿದರು. "ಬಸುರಿ ಹೆಣ್ಣುಮಕ್ಕಳಿಗೆ ಈ ಕಾಮಣಿ ಭಾಳ ಕೆಟ್ಟದ್ದು ರೀ. ತಾಯಿ ಉಳದ್ರ ಸಾಕು ಅಂತ ಬೇಡ್ಕೋರಿ." ನಾನು ಬೇಡಿಕೊಂಡೆ. ಅಷ್ಟು ವರ್ಷ ಸರ್ಕಾರಕ್ಕೆ ನಮಸ್ಕಾರ ಹಾಕಿ ಸವೆದ ಕೈಗಳನ್ನು ಅಂದು ದೇವರಿಗೆ ಜೋಡಿಸಿದೆ.

ಅದೇ ದಿನ ನಮ್ಮ ಕಚೇರಿಯ ಹೆಲ್ತ್ ಇನ್‌ಸ್ಪೆಕ್ಟರ್ ದೇಸಾಯಿ ದವಾಖಾನೆಗೆ ಓಡೋಡಿ ಬಂದ. ಒಳ್ಳೆಯ ಹುಡುಗ, ಕೆಲಸದಲ್ಲಿ ಚುರುಕು. ಹಣೆಯ ಬೆವರು ಒರೆಸಿಕೊಳ್ಳುತ್ತ, ನನಗೆ ಧೈರ್ಯ ತುಂಬಲೆಂದೇ ಹೇಳಿದ.

"ಕಾಳಜಿ ಮಾಡಬ್ಯಾಡ್ರಿ ಸರ್. ಈಗ ಇದು ನಮ್ಮದು!"

ಹೌದಲ್ಲ. ನೀರು ಚರ್ಮದ ಒಳಗೆ ಬಂದಿತ್ತು. ಇನ್ನು ಯಾವ ಗೊಂದಲವೂ ಇರಲಿಲ್ಲ. ನನ್ನ ಸೂತ್ರ ಎಲ್ಲೂ ತಪ್ಪಲಿಲ್ಲ. ಗುಳಿಗೆ ಬಂತು, ಸಲೈನ್ ಬಂತು, ಓಣಿಯ ಮನೆ ಮನೆಗೆ ನಮ್ಮವರು ಹೋಗಿ ಯಾರ ಕಣ್ಣು ಎಷ್ಟು ಹಳದಿ ಎಂದು ನೋಡಿ ಬಂದರು. ಬಾವಿಯ ಪಕ್ಕದಲ್ಲೇ ನಿಂತು ನೋಡಿದರಂತೆ. ಬಾವಿಯೊಳಗೆ ಒಬ್ಬರೂ ಇಣುಕಲಿಲ್ಲ, ಅದು ನಮ್ಮ ಪಾಲಿನದಲ್ಲವಲ್ಲ.

ಕೂಸು ದಿನ ತುಂಬುವ ಮುಂಚೆಯೇ ಹುಟ್ಟಿತು. ಹೆಣ್ಣು. ಒಂದು ಸಲ ಅತ್ತಿತು ಎಂದು ಸುಲೋಚನಾ ಹೇಳಿದಳು. ನಾನು ಕೇಳಿಸಿಕೊಳ್ಳಲಿಲ್ಲ. ಹೊರಗೆ ವರಾಂಡದಲ್ಲಿ ದೇಸಾಯಿಗೆ ಯಾವುದೋ ಕಾಗದಕ್ಕೆ ಸಹಿ ಹಾಕಿಕೊಡುತ್ತಿದ್ದೆ. ಒಳಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪದ್ಮಾ ಉಳಿದಳು. ಅವಳು ಉಳಿದದ್ದಕ್ಕೆ ನಾನು ಇಂದಿಗೂ ಕೈ ಮುಗಿಯುತ್ತೇನೆ. ಕೂಸಿಗೆ ಮಾತ್ರ ಹೆಸರೂ ಇಡಲಿಲ್ಲ, ತೊಟ್ಟಿಲೂ ಕಟ್ಟಲಿಲ್ಲ.

ನನಗೂ ಕಾಮಾಲೆ ಬಂದಿತ್ತೆಂದು ಆಮೇಲೆ ಗೊತ್ತಾಯಿತು. ಸಣ್ಣಗೆ ಬಂದು ಹೋಯಿತು. ಇಡೀ ಮನೆಯಲ್ಲಿ ಏನೂ ಆಗದೆ ಗಟ್ಟಿಮುಟ್ಟಾಗಿ ಉಳಿದವಳು ಎಂಬತ್ತರ ಅವ್ವ ಒಬ್ಬಳೇ. ಮಣ್ಣು ಮಾಡಿ ಬಂದ ದಿನ ತನ್ನ ಚರಿಗೆಯಿಂದ ಒಂದು ಲೋಟ ನೀರು ಬಗ್ಗಿಸಿ ನನ್ನ ಮುಂದೆ ಇಟ್ಟಳು. ವ್ರತದ ಚರಿಗೆಯ ನೀರನ್ನು ಅವಳು ಯಾರಿಗೂ ಕೊಟ್ಟದ್ದನ್ನು ನಾನು ನೋಡಿರಲಿಲ್ಲ.

ಇತ್ತ ಮಹಾದೇವಪ್ಪ ಇನ್ನು ನನ್ನನ್ನು ಕೇಳಲಿಲ್ಲ. ನೀಲವ್ವ ಎದ್ದು ಕೂರುವಂತಾದ ಮೇಲೆ ಖಡೇಬಜಾರಕ್ಕೆ ಹೋಗಿ, ಒಂದು ಡಬ್ಬಿ ಪೌಡರ್ ತಂದು, ಅಂಗಡಿಯವನು ಹೇಳಿಕೊಟ್ಟಂತೆ ಬಕೇಟಿನಲ್ಲಿ ಕಲಸಿ ಬಾವಿಗೆ ಇಳಿಬಿಟ್ಟ. ಚಹಾ ಕುಡಿದು ಮುಗಿ ಅನ್ನುವಷ್ಟರಲ್ಲಿ ಕೆಲಸ ಮುಗಿಯಿತು. ನಾನು ಗೋಡೆಯ ಈ ಕಡೆ ನಿಂತು ನೋಡುತ್ತಿದ್ದೆ. "ಅಷ್ಟ ರೀ," ಅಂದ ಅವನು. ನನ್ನ ಮುಖ ನೋಡದೆ ಹಗ್ಗ ಸುತ್ತಿದ.

ಸರ್ಕಾರ ಬರಲಿಲ್ಲ ಅನ್ನಬೇಡಿ. ಬಂತು! ಎರಡೂ ಕಚೇರಿಗಳು ಪರಸ್ಪರ ಒಪ್ಪಿಗೆ ಪಡೆದು, ನಮ್ಮ ಡ್ರೈವರನನ್ನು ಅವರ ಜೀಪಿನ ಮೇಲೆ ಕೂರಿಸಿ, ಕೋಳಿಯನ್ನು ಇಳಿಸಿ, ಒಂದು ದಿನ ವಡಗಾವಿಗೆ ಬಂದೇಬಿಟ್ಟವು. ಕುಲಕರ್ಣಿ ಒಂದು ಬಕೇಟು ಸೇದಿಸಿ ಮೂಸಿ ನೋಡಿದರು.

"ಪೌಡರಿನ ವಾಸನಿ ಬರ್ತೈತಿ. ನೀರು ಶುದ್ಧ ಐತಲ್ರೀ!"

ಹಾಗೆಂದೇ ವರದಿ ಕಳಿಸಿದರು. ಪಾಪ, ಅವರು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ವರದಿ ಓದಿ ಸಾಹೇಬರು ಸಂತೋಷಪಟ್ಟು ನನ್ನನ್ನು ಕರೆದರು. ಮನೆಯ ವಿಷಯಕ್ಕೆ ಎರಡು ಮಾತು ಮರುಗಿ ಆಮೇಲೆ ಹೇಳಿದರು. "ನಿಮ್ಮ ಸೂತ್ರವನ್ನು ಬೇರೆ ಜಿಲ್ಲೆಗಳಿಗೂ ಕಳಿಸೋಣ ಅಂತಿದೀನಿ. ಏನಾದರೂ ತಿದ್ದೋದಿದ್ದರೆ ತಿದ್ದಿಕೊಡಿ." ನಾನು ಫ್ಯಾನಿನ ಕೆಳಗೆ ಕೂತು ಬಹಳ ಹೊತ್ತು ಯೋಚಿಸಿ, ತುದಿಯಲ್ಲಿ ಒಂದೇ ಸಾಲು ಸೇರಿಸಿದೆ: 'ಬಾವಿಯನ್ನು ಪಾಲು ಮಾಡತಕ್ಕದ್ದಲ್ಲ.'

ಸಾಹೇಬರು ಕನ್ನಡಕ ಸರಿಸಿದರು. "ಇದು ಯಾವ ನಿಯಮದಲ್ಲಿದೆ?"

"ನಮ್ಮ ಅವ್ವಂದು ರೀ ಸರ್."

ಅವರು ಕೆಂಪು ಪೆನ್ಸಿಲ್ ತೆಗೆದುಕೊಂಡು ಆ ಸಾಲನ್ನು ಹೊಡೆದು ಹಾಕಿದರು. ಉಳಿದದ್ದು ಹಾಗೆಯೇ ಬೇರೆ ಜಿಲ್ಲೆಗಳಿಗೆ ಹೋಯಿತು. ನಾನು ತಡೆಯಲಿಲ್ಲ.

ಮರುವರ್ಷ ಪದ್ಮಾ ಮತ್ತೆ ಬಸುರಿಯಾದಳು. ಸುಲೋಚನಾ ಸೀಮಂತಕ್ಕೆಂದು ಕುಬಸದ ಖಣ ತಂದಿಟ್ಟು, ಕರೆತರಲು ನನ್ನನ್ನು ಹಿಂದವಾಡಿಗೆ ಅಟ್ಟಿದಳು. ಪದ್ಮಾ ಬಾಗಿಲಲ್ಲೇ ನಿಂತು, "ಅಪ್ಪಾ, ಈ ಸಲ ಬಾಣಂತನಕ್ಕ ಇಲ್ಲೇ ಇರ್ತೀನಿ. ಬ್ಯಾಸರ ಮಾಡ್ಕೋಬ್ಯಾಡ," ಅಂದಳು. ಒಂದೇ ಊರು, ಟಾಂಗಾ ಏರಿದರೆ ಮುಟ್ಟುವ ತವರು. ಅಲ್ಲಿಗೆ ಬರಲು ಮಗಳು ಹೆದರಿದಳೆಂದರೆ ಅಪ್ಪನಿಗೆ ಅದಕ್ಕಿಂತ ಹೆಚ್ಚಿನ ಶಿಕ್ಷೆ ಏನು ಬೇಕು? ಆಗಲಿ ತಾಯಿ ಎಂದೆ.

ಬೀಗತಿ ಒಂದು ತಂಬಿಗೆ ನೀರು ತಂದಿಟ್ಟರು. ಕೈ ತಾಗಿಸಿದರೆ ಇನ್ನೂ ಬೆಚ್ಚಗಿತ್ತು.

"ಕಾಯಿಸಿದ ನೀರು ರೀ. ನಿಮ್ಮ ಮಗಳು ಈಗ ಹಸೀ ನೀರು ಯಾರಿಗೂ ಮುಟ್ಟಗೊಡಂಗಿಲ್ಲ. ಬಂದ ಮಂದಿಗೂ ಇದನ್ನ ಕೊಡ್ತಾಳ." ಬೀಗತಿಯ ಮಾತಿನಲ್ಲಿ ಕುಹಕವಿರಲಿಲ್ಲ, ಅದೇ ಕಷ್ಟ. "ನೀವೂ ನೀರಿನ ಖಾತೆದಾಗ ದೊಡ್ಡ ಸಾಹೇಬ್ರಂತಲ್ರೀ? ನೀವ ಕಲಿಸಿರ್ಬೇಕು."

ನಾನು ತಂಬಿಗೆಯನ್ನು ಒಂದು ಹನಿ ಉಳಿಸದೆ ಕುಡಿದು ಕೆಳಗಿಟ್ಟೆ.

"ಇಲ್ರೀ," ಅಂದೆ. "ನೀರು ನಮ್ಮದಲ್ರೀ. ನಮ್ಮದು ಬರೇ ರೋಗ."